ಎರಡು ಲಾವಾ ಪದರಗಳ ನಡುವೆ: ಗುಜರಾತಿನ ಕಲ್ಲಿನಲ್ಲಿ ಡೈನೋಸಾರ್‌ಗಳ ಕೊನೆಗಾಲ

ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದುವವರಿಗೆ, ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ತಡವರಿಸಿದ್ದನ್ನು ತಿದ್ದಿದ್ದೇನೆ, ಬಿಟ್ಟುಹೋದ ಒಂದೆರಡು ಇಸವಿ ಸೇರಿಸಿದ್ದೇನೆ, ಅಷ್ಟೇ.

ವಿಡಿಯೋದ ಶುರುವಿನಲ್ಲಿ ಮೇಜಿನ ಮೇಲೆ ಎರಡು ಕಲ್ಲು ಇಟ್ಟಿದ್ದೆ. ಎರಡೂ ಕಪ್ಪು, ಎರಡೂ ಮುಷ್ಟಿ ಗಾತ್ರದವು. ಒಂದು ಬಸವನ ಬಾಗೇವಾಡಿ ತಾಲೂಕಿನ ನಮ್ಮ ಹೊಲದ ಬದುವಿನಿಂದ ತಂದದ್ದು. ಇನ್ನೊಂದು ವಡೋದರಾದಲ್ಲಿ ನಮ್ಮ ಅಪಾರ್ಟ್‌ಮೆಂಟ್ ಎದುರು ರಸ್ತೆ ಕೆಲಸಕ್ಕೆ ಸುರಿದಿದ್ದ ಜಲ್ಲಿ ರಾಶಿಯಿಂದ ಹೆಕ್ಕಿದ್ದು. ಯಾವುದು ಯಾವ ಊರಿನದು ಹೇಳಿ ನೋಡೋಣ ಅಂತ ಕೇಳಿದ್ದೆ. ಸತ್ಯ ಹೇಳಬೇಕೆಂದರೆ, ಕೆಳಗೆ ಅಂಟಿಸಿದ ಚೀಟಿ ನೋಡದೆ ನನಗೂ ಹೇಳೋಕೆ ಬರಲ್ಲ. ನಡುವೆ ಸಾವಿರ ಕಿಲೋಮೀಟರಿಗೆ ಹತ್ತಿರದ ದಾರಿ. ಕಲ್ಲು ಮಾತ್ರ ಒಂದೇ: ಬಸಾಲ್ಟ್, ಅಂದರೆ ತಣ್ಣಗಾದ ಲಾವಾ.

ನಾನು ಕೆಲಸದ ಮೇಲೆ ವಡೋದರಾಕ್ಕೆ ಬಂದು ಆರು ವರ್ಷವಾಯಿತು. ಕಳೆದ ಡಿಸೆಂಬರ್‌ನಲ್ಲಿ ಮಗಳ ಶಾಲೆಯವರು ಮಕ್ಕಳನ್ನು ಬಾಲಾಸಿನೋರ್ ಹತ್ತಿರದ ರಾಯೋಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಡೈನೋಸಾರ್ ಪಳೆಯುಳಿಕೆಗಳ ಪಾರ್ಕು ಇದೆ, 2019ರಿಂದ ಒಂದು ಮ್ಯೂಸಿಯಂ ಕೂಡ ಇದೆ. ಬಂದವಳು ಬೂಟು ಬಿಚ್ಚುವ ಮೊದಲೇ ಕೇಳಿದಳು: "ಅಪ್ಪಾ, ಲಾವಾ ಬರ್ತಿತ್ತು ಅಂದ್ರಲ್ಲ, ಮತ್ತೆ ಅಮ್ಮ ಡೈನೋಸಾರ್ ಅಲ್ಲೇ ಯಾಕೆ ಮೊಟ್ಟೆ ಇಟ್ತು?"

"ಅದಕ್ಕೆ ಗೊತ್ತಿರಲಿಲ್ಲ ಪುಟ್ಟಾ" ಅಂದು ತಪ್ಪಿಸಿಕೊಂಡೆ. ಆದರೆ ಪ್ರಶ್ನೆ ಬಿಡಲಿಲ್ಲ. ಮೂರು ತಿಂಗಳ ಶನಿವಾರ, ಭಾನುವಾರಗಳು ಇದಕ್ಕೇ ಹೋದವು. ಹುಡುಕುತ್ತಾ ಹೋದಂತೆ ಗೊತ್ತಾಗಿದ್ದು ಏನೆಂದರೆ, ಈ ಪ್ರಶ್ನೆಯ ಸುತ್ತ ವಿಜ್ಞಾನಿಗಳು ನಲವತ್ತು ವರ್ಷ ಜಗಳ ಆಡಿದ್ದಾರೆ. ಆ ಜಗಳದ ಒಂದು ದೊಡ್ಡ ಭಾಗ ನಾವು ದಿನಾ ಓಡಾಡುವ ಅಹಮದಾಬಾದ್, ವಡೋದರಾ, ಸೂರತ್ ಸುತ್ತಮುತ್ತಲೇ ನಡೆದಿದೆ.

ಮೊದಲು ಪಾವಾಗಢ. ವಡೋದರಾದಲ್ಲಿ ಇರುವವರು ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗಿರ್ತೀರಿ. ಊರಿಂದ ಸುಮಾರು 50 ಕಿ.ಮೀ., ರೋಪ್‌ವೇ ಹತ್ತಿ ಕಾಳಿಕಾ ಮಾತೆಯ ದರ್ಶನ, ಇಳಿದ ಮೇಲೆ ಚಾಂಪಾನೇರ್‌ನ ಮಸೀದಿಗಳು. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಜಾಗ. ಮುಂದಿನ ಸಲ ಹೋದಾಗ ಬೆಟ್ಟವನ್ನು ದೂರದಿಂದಲೇ ಒಮ್ಮೆ ನೋಡಿ. ಅದು ನಮ್ಮ ನಂದಿಬೆಟ್ಟದ ಹಾಗೆ ಉರುಟಾದ ಬಂಡೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಚಪ್ಪಟೆ ಹಂತ, ಒಂದು ಕಡಿದಾದ ಗೋಡೆ, ಮತ್ತೆ ಚಪ್ಪಟೆ. ಒಂದರ ಮೇಲೊಂದು ಹರಿದ ಲಾವಾ ಹಾಸುಗಳು ಸವೆದು ಆದ ಆಕಾರ ಇದು. ಭೂವಿಜ್ಞಾನದವರು 'ಡೆಕ್ಕನ್ ಟ್ರ್ಯಾಪ್' ಅನ್ನುವುದು ಇದನ್ನೇ. ಟ್ರ್ಯಾಪ್ ಅಂದರೆ ಇಲ್ಲಿ ಬಲೆ ಅಲ್ಲ. ಸ್ವೀಡಿಷ್ ಭಾಷೆಯಲ್ಲಿ ಮೆಟ್ಟಿಲಿಗೆ ಇರುವ ಪದದಿಂದ ಬಂದದ್ದು.

ಪಾವಾಗಢ ಸ್ವಲ್ಪ ವಿಶೇಷದ್ದು. ಕೆಳಗಿನ ಹಂತಗಳು ಕಪ್ಪು ಬಸಾಲ್ಟ್, ತುದಿಗೆ ಹೋದಂತೆ ರಯೊಲೈಟ್ ಎಂಬ ಬೇರೆ ಜಾತಿಯ, ದಪ್ಪ ಪಾಕದಂಥ ಲಾವಾದಿಂದ ಆದ ಕಲ್ಲು. ಅದರ ಕಥೆಯೇ ಬೇರೆ, ಇವತ್ತು ಬೇಡ.

ಈ ಲಾವಾ ಶಂಕುವಿನಾಕಾರದ ಒಂದು ಜ್ವಾಲಾಮುಖಿಯಿಂದ ಉಕ್ಕಿದ್ದಲ್ಲ. ನೆಲ ಉದ್ದಕ್ಕೆ ಬಿರುಕು ಬಿಟ್ಟು, ಆ ಬಿರುಕಿನಿಂದ ಹಾಲು ಉಕ್ಕಿದ ಹಾಗೆ ಉಕ್ಕಿ ಹರಿದದ್ದು. ಇಂದು ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿ.ಮೀ.: ಗುಜರಾತ್, ಮಧ್ಯಪ್ರದೇಶ, ಹೆಚ್ಚುಕಡಿಮೆ ಇಡೀ ಮಹಾರಾಷ್ಟ್ರ, ತೆಲಂಗಾಣದ ಒಂದು ಭಾಗ, ನಮ್ಮ ಕಡೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್. ಮಹಾಬಲೇಶ್ವರದ ಕಡೆ ದಪ್ಪ ಎರಡು ಕಿ.ಮೀ. ಮೀರುತ್ತದೆ. ನಮ್ಮಲ್ಲಿ ಕೃಷ್ಣೆಯ ಕಡೆಗೆ ಇಳಿದಂತೆ ತೆಳುವಾಗಿ ಮುಗಿಯುತ್ತದೆ. ಗೋಳಗುಮ್ಮಟ ಕಟ್ಟಿದ್ದು ಇದೇ ಕಪ್ಪು ಕಲ್ಲಿನಿಂದ. ನಮ್ಮ ಎರಿ ಹೊಲ, ಡೋಣಿ ಸಾಲಿನ ಬಿಳಿಜೋಳ, ಇತ್ತ ಭರೂಚ್ ಕಡೆಯ ಹತ್ತಿ, ಎಲ್ಲ ಈ ಲಾವಾ ಪುಡಿಯಾಗಿ ಆದ ಕಪ್ಪು ಮಣ್ಣಿನಲ್ಲೇ. "ಈ ಮಣ್ಣು ಕಾಲಿಗೆ ಹತ್ತಿದ್ರ ಬಿಡೂದಿಲ್ಲೋ" ಅಂತ ನಮ್ಮಜ್ಜ ಮಳೆಗಾಲದಾಗ ಬೈತಿದ್ದ. ಅದು ಬೆಂಕಿಯ ಬೂದಿ ಅಂತ ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ಇದೆಲ್ಲ ನಡೆದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಆಗ ಭಾರತ ಏಷ್ಯಾಕ್ಕೆ ಸೇರಿರಲಿಲ್ಲ, ಭೂಮಧ್ಯರೇಖೆಯ ದಕ್ಷಿಣಕ್ಕೆ ದ್ವೀಪವಾಗಿ ತೇಲುತ್ತಿತ್ತು. ಇವತ್ತು ರೀಯೂನಿಯನ್ ದ್ವೀಪ ಇರುವ ಜಾಗದ ಕೆಳಗೆ ಭೂಗರ್ಭದಲ್ಲಿ ಒಂದು ಬಿಸಿ ಬುಗ್ಗೆ ಇದೆ. ಆ ದ್ವೀಪದ ಜ್ವಾಲಾಮುಖಿ ಈಗಲೂ ಆಗಾಗ ಉಕ್ಕುತ್ತದೆ. ಭಾರತ ಅದರ ಮೇಲೆ ಹಾದುಹೋದಾಗ ನಮಗೆ ಈ ಕಪ್ಪು ಕಲ್ಲು ಬಂತು. ಹೆಚ್ಚಿನ ಲಾವಾ ಹತ್ತು ಲಕ್ಷ ವರ್ಷಕ್ಕಿಂತ ಕಡಿಮೆ ಅವಧಿಯಲ್ಲಿ ಉಕ್ಕಿತು. ಮತ್ತು ಡೈನೋಸಾರ್‌ಗಳು ಕಲ್ಲಿನ ದಾಖಲೆಯಿಂದ ಕಾಣೆಯಾಗುವುದೂ ಇದೇ ಅವಧಿಯಲ್ಲಿ. ಅನುಮಾನ ಬರದೇ ಇರುತ್ತಾ?

ಈಗ ರಾಯೋಲಿ. ಮಗಳ ಪ್ರವಾಸ ಆದ ಮೇಲೆ ನಾವೂ ಹೋದೆವು. ಅಹಮದಾಬಾದಿನಿಂದಲೂ ವಡೋದರಾದಿಂದಲೂ ಎರಡು ಗಂಟೆಯ ದಾರಿ. 1980ರ ದಶಕದ ಆರಂಭದಲ್ಲಿ ಜಿಯಾಲಾಜಿಕಲ್ ಸರ್ವೆ ಆಫ್ ಇಂಡಿಯಾದವರು ಇಲ್ಲಿ ನಕ್ಷೆ ಮಾಡಲು ಬಂದಾಗ ಕಂಡದ್ದು ಮೂಳೆಗಳು, ಮತ್ತು ಗುಂಡಗಿನ ಕಲ್ಲುಗಳು. ಆ ಗುಂಡಗಿನ ಕಲ್ಲುಗಳೇ ಮೊಟ್ಟೆ. ಬಾಲಾಸಿನೋರ್ ರಾಜಮನೆತನದ ಆಲಿಯಾ ಸುಲ್ತಾನಾ ಬಾಬಿ ಈ ಜಾಗ ಉಳಿಸಲು ವರ್ಷಗಟ್ಟಲೆ ಓಡಾಡಿದವರು. ಹಳ್ಳಿಯ ಅಜ್ಜಿಯೊಬ್ಬರು ಅಂಥ ಒಂದು ಮೊಟ್ಟೆಯಿಂದ ಮಸಾಲೆ ಅರೆಯುತ್ತಿದ್ದರು ಅಂತ ಅವರು ಹೇಳಿದ್ದು ಪತ್ರಿಕೆಗಳಲ್ಲಿ ಬಂದಿದೆ. ನಗಬೇಡಿ, ನಮ್ಮ ಮನೆಯ ಒರಳಿನ ಗುಂಡೂ ಬಸಾಲ್ಟೇ!

ಮೊಟ್ಟೆ ಇರುವ ಸುಣ್ಣದಂಶದ ಕಲ್ಲಿನ ಪದರಕ್ಕೆ ಲಮೇಟಾ ಅಂತ ಹೆಸರು, ಜಬಲ್‌ಪುರದ ಹತ್ತಿರದ ಲಮೇಟಾ ಘಾಟ್‌ನಿಂದ ಬಂದದ್ದು. ಈ ಪದರ ಲಾವಾದ ಕೆಳಗೆ ಸಿಗುತ್ತದೆ. ಅಂದರೆ ಮೊಟ್ಟೆ ಇಟ್ಟ ಕಾಲಕ್ಕೆ ಆ ಜಾಗಕ್ಕೆ ಲಾವಾ ಬಂದಿರಲಿಲ್ಲ. ನದಿ, ಕೆರೆ, ಒಣಹವೆಯ ಬಯಲು. ಉದ್ದ ಕತ್ತಿನ ಸೊಪ್ಪುತಿನ್ನುವ ಡೈನೋಸಾರ್‌ಗಳು ಬಂದು ಮಣ್ಣಿನಲ್ಲಿ ಗುಂಡಿ ಮಾಡಿ ಮೊಟ್ಟೆ ಇಡುತ್ತಿದ್ದವು. ಅವುಗಳನ್ನು ಬೇಟೆಯಾಡುವವನೂ ಇದ್ದ. ಸುರೇಶ್ ಶ್ರೀವಾಸ್ತವ ಎಂಬ ಸರ್ವೆಯ ವಿಜ್ಞಾನಿ 1980ರ ದಶಕದಲ್ಲಿ ರಾಯೋಲಿಯ ಮೂಳೆಗಳನ್ನು ತೆಗೆಯುವಾಗ ಯಾವ ಮೂಳೆ ಎಲ್ಲಿ ಬಿದ್ದಿತ್ತು ಅಂತ ನಕ್ಷೆ ಬರೆದಿಟ್ಟಿದ್ದರು. ಇಪ್ಪತ್ತು ವರ್ಷದ ನಂತರ ಅಮೆರಿಕದ ಜೆಫ್ರಿ ವಿಲ್ಸನ್, ಪಾಲ್ ಸೆರೆನೋ, ನಮ್ಮ ಅಶೋಕ್ ಸಾಹ್ನಿ ಮುಂತಾದವರು ಸೇರಿ ಆ ನಕ್ಷೆಯ ಸಹಾಯದಿಂದ ಚದುರಿದ ಮೂಳೆಗಳು ಒಂದೇ ಪ್ರಾಣಿಯವು ಅಂತ ಜೋಡಿಸಿದರು. 2003ರಲ್ಲಿ ಹೆಸರಿಟ್ಟರು: ರಾಜಾಸಾರಸ್ ನರ್ಮದೆನ್ಸಿಸ್. ತಲೆಯ ಮೇಲೆ ಮೊಂಡು ಕೊಂಬು ಇದ್ದ ಮಾಂಸಾಹಾರಿ. ಡಾಕ್ಯುಮೆಂಟೇಶನ್ ಮಾಡಿ ಅಂತ ನಮ್ಮ ಮ್ಯಾನೇಜರ್‌ಗಳು ಬಡಕೊಳ್ಳೋದು ಸುಮ್ಮನೆ ಅಲ್ಲ ನೋಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಕಲ್ಲು. ಖೇಡಾ ಕಡೆಯ ಧೋಲಿ ಡುಂಗ್ರಿ ಎಂಬ ಹಳ್ಳಿಯ ಹತ್ತಿರ ಸರ್ವೆಯ ಧನಂಜಯ ಮೊಹಬೆ 1980ರ ದಶಕದಲ್ಲಿ ಒಂದು ಗೂಡು ಕಂಡುಹಿಡಿದರು. ಮೊಟ್ಟೆಗಳು, ಪಕ್ಕದಲ್ಲಿ ಪುಟ್ಟ ಮೂಳೆಗಳು. ಎಲ್ಲ ಮರಿಯದೇ ಮೂಳೆ ಅಂದುಕೊಂಡಿದ್ದರು. 2001ರಲ್ಲಿ ವಿಲ್ಸನ್ ಅದನ್ನು ನೋಡುವಾಗ, ಕೆಲವು ಬೆನ್ನುಮೂಳೆಗಳು ಡೈನೋಸಾರ್‌ನವಲ್ಲ, ಹಾವಿನವು ಅಂತ ಹೊಳೆಯಿತು. ಒಡೆದ ಮೊಟ್ಟೆಯ ಸುತ್ತ ಮೂರೂವರೆ ಮೀಟರ್ ಉದ್ದದ ಹಾವು ಸುರುಳಿ ಸುತ್ತಿತ್ತು. ಪಕ್ಕದಲ್ಲಿ ಆಗಷ್ಟೇ ಹೊರಬಂದ, ಅರ್ಧ ಮೀಟರಿನ ಮರಿ. ಹಾವು ಬಾಯಿ ಹಾಕುವ ಮೊದಲೇ ಮಳೆಗೆ ಜರಿದ ಮಣ್ಣೋ ಮರಳೋ ಎಲ್ಲವನ್ನೂ ಒಟ್ಟಿಗೆ ಮುಚ್ಚಿಬಿಟ್ಟಿತು. 2010ರಲ್ಲಿ ಆ ಹಾವಿಗೆ ಸನಾಜೆ ಇಂಡಿಕಸ್ ಎಂದು ಹೆಸರಾಯಿತು. ಈ ಹಾವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಲಾವಾ ಬಂದ ಮೇಲೆ ಇವೆಲ್ಲ ಸತ್ತವೇ? ಇಲ್ಲಿಂದ ಕೊಲೆ ಕೇಸು ಶುರು.

1980ರ ತನಕ ಡೈನೋಸಾರ್‌ಗಳ ಅಳಿವಿಗೆ ಕಾರಣ ಕೇಳಿದರೆ ನೂರು ಊಹೆ ಹೇಳುತ್ತಿದ್ದರು. ಆ ವರ್ಷ ಅಮೆರಿಕದ ಲೂಯಿಸ್ ಅಲ್ವಾರೆಜ್, ಅವರ ಮಗ ವಾಲ್ಟರ್ ಮತ್ತು ಇಬ್ಬರು ರಸಾಯನಶಾಸ್ತ್ರಜ್ಞರು ಒಂದು ಲೇಖನ ಪ್ರಕಟಿಸಿದರು. ಇಟಲಿಯ ಗುಬ್ಬಿಯೊ ಎಂಬಲ್ಲಿ, ಡೈನೋಸಾರ್ ಯುಗ ಮುಗಿಯುವ ಗೆರೆಯಲ್ಲಿ ಒಂದು ಬೆರಳಿನಷ್ಟು ಜೇಡಿಮಣ್ಣಿದೆ. ಅದರಲ್ಲಿ ಇರಿಡಿಯಂ ಎಂಬ ಲೋಹ ಸುತ್ತಲಿನ ಕಲ್ಲಿಗಿಂತ ಸುಮಾರು 30 ಪಟ್ಟು ಹೆಚ್ಚಿತ್ತು. ಭೂಮಿಯ ಮೇಲ್ಪದರದಲ್ಲಿ ಇರಿಡಿಯಂ ಬಹಳ ಅಪರೂಪ, ಉಲ್ಕೆಗಳಲ್ಲಿ ಧಾರಾಳ. ಅಂದರೆ ಆಕಾಶದಿಂದ ಏನೋ ಬಿದ್ದಿದೆ, ಸುಮಾರು 10 ಕಿ.ಮೀ. ಅಗಲದ್ದು. 1991ರಲ್ಲಿ ಮೆಕ್ಸಿಕೋದ ಚಿಕ್ಸುಲುಬ್‌ನಲ್ಲಿ ನೆಲದಡಿ ಹುದುಗಿದ್ದ ಸುಮಾರು 180 ಕಿ.ಮೀ. ಅಗಲದ ಕುಳಿ ಅದರದ್ದೇ ಅಂತ ಗುರುತಿಸಿದರು. ಕೇಸು ಮುಗಿಯಿತು ಅಂದವರೇ ಬಹಳ.

ಮುಗಿಯಲಿಲ್ಲ. ಯಾಕೆ ಅಂತ ನಮ್ಮ ಕೆಲಸದವರಿಗೆ ಹೇಳುವುದು ಸುಲಭ. ಪ್ರೊಡಕ್ಷನ್ ಸರ್ವರ್ ರಾತ್ರಿ ಬಿದ್ದಿದೆ ಅಂದುಕೊಳ್ಳಿ. ಅದೇ ಹೊತ್ತಿಗೆ ಎರಡು ಬದಲಾವಣೆ ಆಗಿವೆ: ಒಂದು ತಂಡ ತಿಂಗಳಿಂದ ನಿಧಾನಕ್ಕೆ ಲೋಡ್ ಏರಿಸುತ್ತಿತ್ತು, ಇನ್ನೊಬ್ಬ ಒಂದೇ ಏಟಿಗೆ ಡೇಟಾಬೇಸ್ ಎಳೆದುಬಿಟ್ಟ. ಲಾಗ್‌ನ ಟೈಮ್‌ಸ್ಟ್ಯಾಂಪ್ ನಿಮಿಷದ ಲೆಕ್ಕದಲ್ಲಿ ಇದ್ದರೆ ಯಾರು ಅಂತ ಹೇಳಬಹುದು. ಟೈಮ್‌ಸ್ಟ್ಯಾಂಪ್ ಲಕ್ಷ ವರ್ಷಗಳ ಲೆಕ್ಕದಲ್ಲಿದ್ದರೆ? ಯಾವುದು ಮೊದಲು, ಯಾವುದು ನಂತರ, ಯಾವುದು ಯಾವುದಕ್ಕೆ ಕಾರಣ ಅಂತ ಹೇಳಲು ಎರಡೂ ಘಟನೆ ಒಂದೇ ಲಾಗ್‌ನಲ್ಲಿ ಬರೆದಿರುವ ಜಾಗ ಬೇಕು. ಲಾವಾ ಹಾಸುಗಳ ನಡುವೆಯೇ ಇರಿಡಿಯಂ ಗೆರೆ ಸಿಕ್ಕಬೇಕು.

ಅಂಥ ಲಾಗ್ ಸಿಕ್ಕಿದೆ ಅಂದವರು ಅಹಮದಾಬಾದಿನವರು. ನವರಂಗಪುರದಲ್ಲಿ ಗುಜರಾತ್ ಯೂನಿವರ್ಸಿಟಿ ಹತ್ತಿರ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ ಇದೆ, ವಿಕ್ರಮ್ ಸಾರಾಭಾಯ್ 1947ರಲ್ಲಿ ಕಟ್ಟಿದ್ದು. ಇಸ್ರೋದ ಕಥೆ ಹೇಳುವಾಗ ಅದರ ಹೆಸರು ಬರುತ್ತದೆ. ಆದರೆ ಅಲ್ಲಿ ಉಲ್ಕೆಗಳ ಮೇಲೆ ಕೆಲಸ ಮಾಡುವ ಗುಂಪೂ ಇತ್ತು, ನರೇಂದ್ರ ಭಂಡಾರಿ ಅದರ ಮುಂಚೂಣಿಯಲ್ಲಿದ್ದವರು. 1987ರಲ್ಲಿ ಅವರು ಮೇಘಾಲಯದ ಕಲ್ಲಿನಲ್ಲಿ ಇರಿಡಿಯಂ ಗೆರೆ ತೋರಿಸಿದರು. ಆದರೆ ಮೇಘಾಲಯದಲ್ಲಿ ಡೆಕ್ಕನ್ ಲಾವಾ ಹಾಸುಗಳಿಲ್ಲ. ಆಮೇಲೆ ಅವರ ಕಣ್ಣು ಬಿದ್ದದ್ದು ಕಛ್‌ನ ಅಂಜಾರ್ ಮೇಲೆ. 2001ರ ಜನವರಿ 26ರ ಭೂಕಂಪದಿಂದ ನಮಗೆಲ್ಲ ಗೊತ್ತಾದ ಅದೇ ಅಂಜಾರ್.

ಅಂಜಾರ್‌ನಲ್ಲಿ ಲಾವಾ ಹಾಸುಗಳ ನಡುವೆ ಕೆಲವು ಮೀಟರ್ ದಪ್ಪದ ಕೆರೆ ಮಣ್ಣು ಇದೆ. ಸರ್ವೆಯ ಜೆಡ್. ಜಿ. ಘೇವಾರಿಯಾ 1988ರಲ್ಲೇ ಅಲ್ಲಿ ಡೈನೋಸಾರ್ ಮೂಳೆ ಕಂಡುಹಿಡಿದಿದ್ದರು. ಭಂಡಾರಿಯವರ ತಂಡ ಆ ಮಣ್ಣನ್ನು ಪದರ ಪದರವಾಗಿ ತಂದು ಅಳೆದಾಗ ಇರಿಡಿಯಂ ಸಿಕ್ಕಿತು. ನೂರು ಕೋಟಿ ಭಾಗಕ್ಕೆ ಒಂದು ಭಾಗದ ಆಸುಪಾಸು, ಆದರೂ ಸುತ್ತಲಿನ ಮಣ್ಣಿಗಿಂತ ಬಹಳ ಹೆಚ್ಚು. 1995ರಲ್ಲಿ ಬಂದ ಅವರ ಲೇಖನದ ವಾದ ಸರಳ: ಇರಿಡಿಯಂ ಗೆರೆಯ ಕೆಳಗೂ ಲಾವಾ ಇದೆ, ಮೇಲೂ ಇದೆ. ಆದ್ದರಿಂದ ಕ್ಷುದ್ರಗ್ರಹ ಬಿದ್ದ ಏಟಿಗೆ ಡೆಕ್ಕನ್ ಲಾವಾ ಉಕ್ಕಲು ಶುರುವಾಯಿತು ಅನ್ನುವ ಮಾತು ಸುಳ್ಳು. ಲಾವಾ ಮೊದಲೇ ಹರಿಯುತ್ತಿತ್ತು.

ನನ್ನ ಮಗಳ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ. ಅಂಜಾರ್‌ನ ಡೈನೋಸಾರ್‌ಗಳು ಬದುಕಿದ್ದು ಎರಡು ಲಾವಾ ಹಾಸುಗಳ ನಡುವಿನ ಕಾಲದಲ್ಲಿ. ಅಲ್ಲಿ ಮೊಟ್ಟೆಯ ಚಿಪ್ಪಿನ ಚೂರುಗಳೂ ಸಿಕ್ಕಿವೆ. ಅಂದರೆ ಕೆಳಗಿನ ಲಾವಾ ತಣ್ಣಗಾಗಿ, ಅದರ ಮೇಲೆ ಮಳೆ ಬಿದ್ದು, ಮಣ್ಣಾಗಿ, ಕೆರೆಯಾಗಿ, ಗಿಡ ಬೆಳೆದು, ಡೈನೋಸಾರ್‌ಗಳು ವಾಪಸ್ ಬಂದು ಮೊಟ್ಟೆ ಇಟ್ಟವು. ಪುಣೆ, ಮುಂಬೈ ನಡುವೆ ಘಾಟಿನಲ್ಲಿ ಹೋಗುವಾಗ ಕಪ್ಪು ಹಾಸುಗಳ ನಡುವೆ ಇಟ್ಟಿಗೆ ಬಣ್ಣದ ಕೆಂಪು ಪಟ್ಟಿ ನೋಡಿದ್ದೀರಾ? ಬಹಳ ಕಡೆ ಅದು ಎರಡು ಲಾವಾಗಳ ನಡುವಿನ ಬಿಡುವಿನಲ್ಲಿ ಆದ ಮಣ್ಣು. ಬಿಡುವುಗಳು ಉದ್ದ ಇದ್ದವು. ಒಂದು ಡೈನೋಸಾರ್‌ನ ಆಯುಷ್ಯದಲ್ಲಿ, ಅದರ ನೂರು ತಲೆಮಾರಿನ ಆಯುಷ್ಯದಲ್ಲೂ, ಆ ಊರಿಗೆ ಲಾವಾ ಬರದೇ ಇರಬಹುದಿತ್ತು.

ಆದರೆ ಭಂಡಾರಿಯವರ ಕೇಸಿನಲ್ಲೂ ಒಂದು ತೊಡಕಿತ್ತು. ಅಂಜಾರ್‌ನಲ್ಲಿ ಇರಿಡಿಯಂ ಗೆರೆ ಒಂದಲ್ಲ, ಮೂರು. ಕ್ಷುದ್ರಗ್ರಹ ಬಿದ್ದದ್ದು ಒಂದು, ಗೆರೆ ಮೂರು ಹೇಗೆ? ನೀರಿನಲ್ಲಿ ಕರಗಿ ಮೇಲೆ ಕೆಳಗೆ ಹೋಗಿರಬಹುದು ಅಂದರು ಕೆಲವರು. ಫ್ರಾನ್ಸಿನ ವಿನ್ಸೆಂಟ್ ಕೂರ್ತಿಯೊ ಜೀವನವಿಡೀ ಲಾವಾದ ಪರ ವಾದಿಸಿದವರು. ಅವರ ತಂಡವೂ ಅಂಜಾರ್ ಅಳೆದು, ಕ್ಷುದ್ರಗ್ರಹ ಬಿದ್ದಾಗ ಲಾವಾ ಆಗಲೇ ಹರಿಯುತ್ತಿತ್ತು ಅನ್ನುವುದನ್ನು 2000ದಲ್ಲಿ ಒಪ್ಪಿತು. ಮರುವರ್ಷವೇ ಡೆನ್ಮಾರ್ಕಿನ ಹ್ಯಾನ್ಸನ್ ಜೊತೆ ಸೇರಿ ಬೇರೊಂದು ತಂಡ ಬರೆದ ಲೇಖನ, ಅಂಜಾರ್‌ನಲ್ಲಿ ಆ ಗಡಿಗೆರೆಯೇ ಇಲ್ಲ, ಮಣ್ಣಿನ ಇಂಗಾಲದ ಲೆಕ್ಕ ತಾಳೆಯಾಗುವುದಿಲ್ಲ ಅಂದಿತು. ಆ ಲೇಖನದ ಲೇಖಕರಲ್ಲಿ ಒಬ್ಬರು ಯಾರು ಗೊತ್ತಾ? ಹಾವಿನ ಗೂಡು ಕಂಡುಹಿಡಿದ ಮೊಹಬೆ. ಗುಜರಾತಿನ ಕಲ್ಲನ್ನು ಇವರಷ್ಟು ನೋಡಿದವರು ಕಡಿಮೆ, ಅವರೇ ಒಪ್ಪಲಿಲ್ಲ. ನನಗೆ ವಿಜ್ಞಾನ ಇಷ್ಟವಾಗುವುದು ಇಂಥ ಕಡೆ. ಊರಿನ ಹೆಮ್ಮೆ ಅಂತ ಯಾರೂ ಸುಮ್ಮನಿರಲಿಲ್ಲ.

ಈಗ ಸ್ವಲ್ಪ ದೂರದಿಂದ ನೋಡೋಣ. ಭೂಮಿಯ ಮೇಲೆ ದೊಡ್ಡ ಜೀವಿಗಳು ಹುಟ್ಟಿದ ಮೇಲೆ ಮಹಾವಿನಾಶಗಳು ಐದು ಆಗಿವೆ ಅನ್ನುತ್ತಾರೆ: ಸುಮಾರು 44.5 ಕೋಟಿ, 37 ಕೋಟಿ, 25.2 ಕೋಟಿ, 20 ಕೋಟಿ ಮತ್ತು 6.6 ಕೋಟಿ ವರ್ಷಗಳ ಹಿಂದೆ. ಮೊದಲೆರಡನ್ನು ಬಿಟ್ಟುಬಿಡೋಣ. ಕೊನೆಯ ಮೂರರ ಜೊತೆಗೂ ಇಂಥ ಲಾವಾ ಪ್ರವಾಹಗಳು ಇವೆ. ಎಲ್ಲಕ್ಕಿಂತ ಭೀಕರವಾದದ್ದು ಮೂರನೆಯದು, ಸಮುದ್ರದ ಹತ್ತರಲ್ಲಿ ಎಂಟೊಂಬತ್ತು ಪ್ರಭೇದ ಹೋದವು. ಅಲ್ಲಿ ಕ್ಷುದ್ರಗ್ರಹದ ಗುರುತಿಲ್ಲ, ಸೈಬೀರಿಯಾದ ಲಾವಾ ಒಂದೇ ಆರೋಪಿ. ಆ ಲಾವಾ ನೆಲದೊಳಗಿನ ಕಲ್ಲಿದ್ದಲು, ಉಪ್ಪಿನ ಪದರಗಳನ್ನು ಬೇಯಿಸಿ, ಅದರ ಅನಿಲವನ್ನೆಲ್ಲ ಗಾಳಿಗೆ ಬಿಟ್ಟಿತು. ಚೀನಾದ ಕಲ್ಲುಗಳನ್ನು ಅಳೆದವರು ಆ ಸಾವು ಸುಮಾರು 60 ಸಾವಿರ ವರ್ಷದಲ್ಲಿ ಮುಗಿಯಿತು ಅಂತ 2014ರಲ್ಲಿ ಲೆಕ್ಕ ಹಾಕಿದರು. ಅವರ ಲೆಕ್ಕದಲ್ಲೇ ಹೆಚ್ಚುಕಡಿಮೆ 48 ಸಾವಿರ ವರ್ಷ ಬಿಡಬೇಕು. ಭೂಮಿಯ ಕ್ಯಾಲೆಂಡರಿನಲ್ಲಿ ಅದು ಕಣ್ಣು ಮಿಟುಕಿಸುವಷ್ಟು.

ಹಾಗಾದರೆ ಸೈಬೀರಿಯಾದ ಲಾವಾ ಕೊಂದಿತು, ನಮ್ಮ ಲಾವಾ ಕೊಲ್ಲಲಿಲ್ಲವೇ? 2019ರ ಫೆಬ್ರವರಿಯಲ್ಲಿ ಒಂದೇ ದಿನ, 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಡೆಕ್ಕನ್ ಲಾವಾದ ವಯಸ್ಸು ಪ್ರಕಟಿಸಿದವು. ಬ್ಲೇರ್ ಶೋನ್ ತಂಡ, ಲಾವಾ ನಾಲ್ಕು ಕಂತಿನಲ್ಲಿ ಬಂತು, ಒಂದು ದೊಡ್ಡ ಕಂತು ಅಳಿವಿಗೆ ಸ್ವಲ್ಪ ಮೊದಲೇ ಅಂದಿತು. ಕೋರ್ಟ್ನಿ ಸ್ಪ್ರೇನ್ ತಂಡ, ಇಲ್ಲ, ಮುಕ್ಕಾಲು ಪಾಲು ಲಾವಾ ಅಳಿವಿನ ನಂತರ ಬಂತು ಅಂದಿತು. ಮರುವರ್ಷ ಯೇಲ್‌ನ ಪಿನ್ಸೆಲಿ ಹಲ್ ಮತ್ತು ಸಂಗಡಿಗರು ಸಮುದ್ರದ ತಳದ ಮಣ್ಣಿನಿಂದ ಆ ಕಾಲದ ಬಿಸಿ ಲೆಕ್ಕ ಹಾಕಿದರು. ಕ್ಷುದ್ರಗ್ರಹ ಬೀಳುವ ಮೊದಲು, ಲಕ್ಷಾಂತರ ವರ್ಷಗಳ ಅವಧಿಯಲ್ಲಿ, ಲಾವಾದ ಅನಿಲದಿಂದ ಭೂಮಿ ಸುಮಾರು 2 ಡಿಗ್ರಿ ಬಿಸಿಯಾಗಿತ್ತು, ಮತ್ತೆ ತಣ್ಣಗೂ ಆಗಿತ್ತು. ಜೀವಿಗಳು ಆ ಏರಿಳಿತವನ್ನು ತಡೆದುಕೊಂಡಿದ್ದವು. ಕೆಲವು ಜಾಗ ಬದಲಿಸಿದವು, ಕೆಲವು ಒಗ್ಗಿಕೊಂಡವು. ಆಮೇಲೆ ಒಂದು ದಿನ ಆಕಾಶದಿಂದ ಏಟು ಬಿತ್ತು.

ನಾನು ಭೂವಿಜ್ಞಾನಿ ಅಲ್ಲ. ಓದಿದ್ದರಿಂದ ನನಗೆ ಸರಿಕಂಡದ್ದು ಹೇಳುತ್ತೇನೆ, ಒಪ್ಪದಿದ್ದರೆ ಒಪ್ಪಬೇಡಿ. ಕೊಲ್ಲುವುದು ಬಿಸಿಯೋ, ಚಳಿಯೋ, ಅನಿಲವೋ ಅನ್ನುವುದಕ್ಕಿಂತ ಅದು ಎಷ್ಟು ಬೇಗ ಬಂತು ಅನ್ನುವುದು. ಎರಡು ಲಾವಾಗಳ ನಡುವೆ ಬಿಡುವು ಸಿಕ್ಕಿದ್ದಕ್ಕೆ ಅಂಜಾರ್‌ನ ಡೈನೋಸಾರ್ ವಾಪಸ್ ಬಂದು ಮೊಟ್ಟೆ ಇಟ್ಟಿತು. ಬಿಡುವೇ ಇಲ್ಲದಿದ್ದರೆ ಯಾವ ಒಗ್ಗಿಕೊಳ್ಳುವಿಕೆಯೂ ನಡೆಯುವುದಿಲ್ಲ.

ಡೈನೋಸಾರ್‌ಗಳು ಪೂರ್ತಿ ಹೋಗಲಿಲ್ಲ ಅನ್ನುವುದು ನಿಮಗೆ ಗೊತ್ತು. ಹಕ್ಕಿಗಳು ಅವುಗಳದೇ ಉಳಿದ ಕವಲು. ಅದರಲ್ಲಿ ಒಂದನ್ನು ನಮ್ಮ ಕಣ್ಣೆದುರೇ ನೋಡಿ. ನಾನು ಚಿಕ್ಕವನಿದ್ದಾಗ ಸತ್ತ ಎಮ್ಮೆಯನ್ನು ಊರ ಹೊರಗೆ ಹಾಕಿದರೆ ಮಧ್ಯಾಹ್ನದೊಳಗೆ ರಣಹದ್ದು ಇಳಿಯುತ್ತಿದ್ದವು, ಸಂಜೆಗೆ ಎಲುಬು ಮಾತ್ರ. ನನ್ನ ಮಗಳು ರಣಹದ್ದನ್ನು ನೋಡಿಲ್ಲ. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ 1992ರಿಂದ 2007ರ ಒಳಗೆ 99.9 ಶೇಕಡ ಕಡಿಮೆಯಾಯಿತು. ಹದಿನೈದು ವರ್ಷ! ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ಔಷಧಿ ಪಡೆದ ದನ ಸತ್ತು, ಅದನ್ನು ತಿಂದ ಹದ್ದಿನ ಮೂತ್ರಪಿಂಡ ಹಾಳಾಗುತ್ತಿತ್ತು. 2004ರಲ್ಲಿ ಅದು ಗೊತ್ತಾಯಿತು, 2006ರಲ್ಲಿ ದನಗಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಗುಜರಾತಿನ ಎಣಿಕೆಯಲ್ಲಿ ಎಲ್ಲ ಜಾತಿಯ ರಣಹದ್ದು ಸೇರಿ 2005ರಲ್ಲಿ 2,647 ಇದ್ದವು, 2018ರಲ್ಲಿ 820. ಉಳಿದವುಗಳಲ್ಲಿ ಕೆಲವಕ್ಕೆ ಉತ್ತರಾಯಣದ ಗಾಳಿಪಟದ ಮಾಂಜಾ ದಾರ ರೆಕ್ಕೆ ಕೊಯ್ಯುತ್ತದೆ. ಜನವರಿ 14ರಂದು ಅಹಮದಾಬಾದಿನ ಟೆರೇಸ್ ಮೇಲೆ ನಾವೂ ಉಂಧಿಯು ತಿಂದು ಪಟ ಹಾರಿಸಿದವರೇ, ಅದಕ್ಕೆ ಹೇಳಿದೆ. ಬೆಂಗಳೂರಿನವರಿಗೆ ರಣಹದ್ದು ನೋಡಬೇಕಿದ್ದರೆ ಶೋಲೆ ಚಿತ್ರೀಕರಣವಾದ ರಾಮನಗರದ ರಾಮದೇವರ ಬೆಟ್ಟ ಇದೆ, 2012ರಲ್ಲಿ ಅದು ರಣಹದ್ದುಗಳ ಧಾಮವಾಯಿತು. ಅಲ್ಲೂ ಬೆರಳೆಣಿಕೆ.

ಇದನ್ನು 'ಆರನೇ ಮಹಾವಿನಾಶ' ಅಂತ ಥಂಬ್‌ನೇಲ್ ಹಾಕಿ ಮಾರಲು ನನಗೆ ಇಷ್ಟವಿಲ್ಲ. ಮಹಾವಿನಾಶ ಅನ್ನಬೇಕಾದರೆ ಸುಮಾರು ಮುಕ್ಕಾಲು ಪಾಲು ಪ್ರಭೇದ ಹೋಗಬೇಕು, ರಣಹದ್ದು ಇನ್ನೂ ಇದೆ. ಆದರೆ ಕ್ಷುದ್ರಗ್ರಹದ ಏಟನ್ನೂ ದಾಟಿ ಬಂದ ಕವಲಿನ ಒಂದು ಕೊಂಬೆ, ಒಂದು ಮಾತ್ರೆಯಿಂದ ಹದಿನೈದು ವರ್ಷದಲ್ಲಿ ಮುರಿಯುವ ಹಂತಕ್ಕೆ ಬಂತು. ಹದ್ದಿಗೆ ಬಿಡುವೇ ಸಿಗಲಿಲ್ಲ.

ಖಾಲಿಯಾದ ಜಾಗ ತುಂಬಲು ಎಷ್ಟು ಹೊತ್ತು ಬೇಕು? ಅದಕ್ಕೆ ಸೂರತ್‌ಗೆ ಹೋಗಬೇಕು. ಅಲ್ಲಿ ನಮ್ಮ ಕಾಕಾನ ಮಗ ಸೀರೆ ವ್ಯಾಪಾರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಾನೆ. "ಅಣ್ಣಾ, ಸೂರತ್‌ಗೆ ಬಂದು ಲೋಚೋ ತಿನ್ನದೇ ಕಲ್ಲಿದ್ದಲು ನೋಡೋಕೆ ಹೊಂಟವ ನೀನೊಬ್ಬನೇ ನೋಡಪಾ" ಅಂದ. ಆದರೂ ಕಾರು ತೆಗೆದ. ನಗರದ ಈಶಾನ್ಯಕ್ಕೆ ಮಾಂಗ್ರೋಲ್ ತಾಲೂಕಿನಲ್ಲಿ ವಾಸ್ತಾನ್ ಎಂಬ ಲಿಗ್ನೈಟ್ ಗಣಿ ಇದೆ, ಪಕ್ಕದ ನಾನಿ ನರೋಲಿಯಲ್ಲಿ ಅದನ್ನು ಉರಿಸುವ ವಿದ್ಯುತ್ ಸ್ಥಾವರ. ಗಣಿಯೊಳಗೆ ನಮ್ಮಂಥವರನ್ನು ಬಿಡುವುದಿಲ್ಲ. ರಸ್ತೆಯಲ್ಲಿ ನಿಂತು ಚಿಮಣಿ ನೋಡಿ ಬಂದೆವು.

ಈ ಪ್ರದೇಶದ ಕೆಳಗೆ ಡೆಕ್ಕನ್ ಲಾವಾ ಅಡಿಪಾಯದ ಹಾಗೆ ಹಾಸಿದೆ. ಅದರ ಮೇಲೆ ಕೂತ ಮಣ್ಣಿನಲ್ಲೇ 1960ರಲ್ಲಿ ಅಂಕಲೇಶ್ವರದ ಎಣ್ಣೆ ಸಿಕ್ಕಿದ್ದು, ಈ ಲಿಗ್ನೈಟ್ ಇರುವುದೂ ಅದರಲ್ಲೇ. ವಾಸ್ತಾನ್‌ನ ಪದರಕ್ಕೆ ಸುಮಾರು 5.45 ಕೋಟಿ ವರ್ಷ. ಲಾವಾ ನಿಂತು, ಡೈನೋಸಾರ್ ಹೋಗಿ, ಕೋಟಿ ವರ್ಷದ ಮೇಲೆ ಬೆಳೆದ ಜೌಗು ಕಾಡು. ಅಲ್ಲಿಂದ ತಂದ ಮಣ್ಣನ್ನು ಜರಡಿಯಲ್ಲಿ ತೊಳೆದು ವಿಜ್ಞಾನಿಗಳು ಅಕ್ಕಿಕಾಳಿನಷ್ಟು ಹಲ್ಲುಗಳನ್ನು ಹೆಕ್ಕಿದರು. ಬಾವಲಿಗಳು ಸಿಕ್ಕವು. ರಾಳದೊಳಗೆ ಸಿಕ್ಕಿಬಿದ್ದ ನೂರಾರು ಕೀಟಗಳು ಸಿಕ್ಕವು. 2005ರಲ್ಲಿ ಸುನಿಲ್ ಬಾಜಪೇಯಿ ಮತ್ತು ಸಂಗಡಿಗರು ಕ್ಯಾಂಬೆಥೇರಿಯಂ ಎಂಬ ಪ್ರಾಣಿಗೆ ಹೆಸರಿಟ್ಟರು. ಕುರಿಯ ಗಾತ್ರದ, ಗೊರಸಿನಂಥ ಕಾಲಿನ ಪ್ರಾಣಿ. ಕುದುರೆ, ಘೇಂಡಾಮೃಗಗಳ ಮೂಲಕ್ಕೆ ಬಹಳ ಹತ್ತಿರದ ನೆಂಟ ಅಂತ 2014ರಲ್ಲಿ ಕೆನ್ ರೋಸ್ ತಂಡ ತೋರಿಸಿತು. ಲಾವಾ ಕಾಲದಲ್ಲಿ ಇಲ್ಲಿನ ಸಸ್ತನಿಗಳು ಇಲಿಗಾತ್ರದವು. ಅಂಥ ಒಂದರ ಹಲ್ಲು ಹೈದರಾಬಾದ್ ಹತ್ತಿರದ ನಸ್ಕಲ್‌ನಲ್ಲಿ, ಲಾವಾ ಹಾಸುಗಳ ನಡುವಿನ ಮಣ್ಣಿನಲ್ಲೇ ಸಿಕ್ಕಿದೆ. ಇಲಿಯಿಂದ ಕುರಿಗೆ ಒಂದು ಕೋಟಿ ವರ್ಷದ ಮೇಲೆ. ಆ ಕಾಡೇ ಲಿಗ್ನೈಟ್ ಆಗಿ ಈಗ ಗುಜರಾತಿನ ಮನೆಗಳ ಎಸಿ ಓಡಿಸುತ್ತಿದೆ.

ಆ ಹಾವಿನ ವಿಷಯ ಹೇಳುತ್ತೇನೆ ಅಂದಿದ್ದೆ. ಅದರ ಬಳಗ ಉಳಿಯಿತು. 2024ರಲ್ಲಿ ಕಛ್‌ನ ಪಾನಂಧ್ರೋ ಲಿಗ್ನೈಟ್ ಗಣಿಯ ಮೂಳೆಗಳಿಂದ ದೇಬಜಿತ್ ದತ್ತಾ ಮತ್ತು ಬಾಜಪೇಯಿ ಒಂದು ಹಾವಿಗೆ ವಾಸುಕಿ ಇಂಡಿಕಸ್ ಅಂತ ಹೆಸರಿಟ್ಟರು. 4.7 ಕೋಟಿ ವರ್ಷ ಹಳೆಯದು, ಉದ್ದ 11ರಿಂದ 15 ಮೀಟರ್ ಇರಬಹುದು ಅನ್ನುವ ಅಂದಾಜು. ಸನಾಜೆಯಂತೆ ಅದೂ ಮ್ಯಾಡ್ಸಾಯಿಡ್ ಎಂಬ ಒಂದೇ ಕುಟುಂಬದ್ದು. ಮೊಟ್ಟೆ ಕದಿಯುವವರ ವಂಶ ಬೆಳೆಯಿತು, ಆ ಮೊಟ್ಟೆಗಳ ವಂಶ ಹೋಯಿತು.

ಮನೆಗೆ ಬಂದು ಮಗಳಿಗೆ ಇದನ್ನೆಲ್ಲ ಚಿಕ್ಕದಾಗಿ ಹೇಳಿದೆ. ಮೊಟ್ಟೆ ಇಟ್ಟಾಗ ಅಲ್ಲಿ ಲಾವಾ ಇರಲಿಲ್ಲ, ಬಂದರೂ ನಡುವೆ ತುಂಬಾ ವರ್ಷ ಬಿಡುವಿತ್ತು ಅಂದೆ. ಪೂರ್ತಿ ಕೇಳಿದಳು. "ಹಂಗಾದ್ರೆ ಆ ಹಾವು ಮರೀನ ತಿನ್ನಲಿಲ್ಲ ತಾನೇ?" ಅಂದಳು. ಇಲ್ಲ, ತಿನ್ನಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ.

ಮುಂದಿನ ಚಳಿಗಾಲದಲ್ಲಿ ಅಂಜಾರ್‌ಗೆ ಹೋಗುವ ಯೋಚನೆ ಇದೆ, ಆ ಮೂರು ಗೆರೆ ಇರುವ ಮಣ್ಣನ್ನು ಕಣ್ಣಾರೆ ನೋಡಬೇಕು. ಅಹಮದಾಬಾದ್, ಗಾಂಧಿನಗರ ಕಡೆಯವರು ಯಾರಾದರೂ ಬರುವುದಿದ್ದರೆ ತಿಳಿಸಿ, ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಬುತ್ತಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ನಮ್ಮದು.